ಕೈಗಡವನ್ನು ಓದುವುದು ಹೇಗೆ?

ನಮ್ಮ ಕಡೆ ಮದುವೆಮನೆಯಲ್ಲಿ ದುಡ್ಡು ಕೊಡುವುದಕ್ಕೆ ‘ಓದಿಸುವುದು’ ಎನ್ನುತ್ತಾರೆ. ಒಬ್ಬರು ನೋಟ್‌ಬುಕ್ ಹಿಡಿದು ಕೂತು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಹಿಂದೆ ಗಟ್ಟಿಯಾಗಿ ಕೂಗಿಯೂ ಹೇಳುತ್ತಿದ್ದರು. ಇದು ಮುಯ್ಯಿ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ, ಸ್ವಲ್ಪ ಸೇರಿಸಿ ಹಿಂದಿರುಗಿಸಬೇಕು. ಗೆಳೆಯರ ನಡುವಿನ ಕೈಗಡಕ್ಕೆ ಇಂಥ ಪುಸ್ತಕವಿಲ್ಲ. ಅದು ಇಬ್ಬರ ನೆನಪಿನಲ್ಲಿ ಇರುತ್ತದೆ, ಕೆಲವೊಮ್ಮೆ ಒಬ್ಬರ ನೆನಪಿನಲ್ಲಿ ಮಾತ್ರ. ಮುಯ್ಯಿ ಎಲ್ಲರೆದುರು ಓದುವ ಪಠ್ಯ. ಕೈಗಡ ಯಾರೂ ಬರೆಯದ ಪಠ್ಯ. ಮೊಬೈಲಿನಲ್ಲಿ ದುಡ್ಡು ಹಾಕುವ ಆ್ಯಪ್‌ಗಳು ಈ ಎರಡರ ನಡುವಿನ ಗೆರೆಯನ್ನು ಅಳಿಸಿವೆ ಎಂಬುದು ನನ್ನ ವಾದ.

ಸಾಲ ಎಂದೊಡನೆ ಕನ್ನಡ ವಿಮರ್ಶೆಗೆ ಕಾಣುವುದು ಮೇಲೊಬ್ಬ, ಕೆಳಗೊಬ್ಬ. ಅದಕ್ಕೆ ಕಾರಣವೂ ಇದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯೊಂದನ್ನೇ ನೋಡಬಹುದು. ಆ ಊರಿನ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1976ರಲ್ಲಿ, ಸಣ್ಣ ರೈತರ ಮತ್ತು ಭೂಹೀನ ಕೂಲಿಕಾರರ ಸಾಲದ ಹೊರೆ ಇಳಿಸುವ ಋಣ ಪರಿಹಾರ ಕಾಯ್ದೆ ಬಂತು. ಅದೇ ಊರಿನ ಚದುರಂಗರು ‘ವೈಶಾಖ’ದಲ್ಲಿ ಹಳ್ಳಿಯ ಜಾತಿಯ ಮೇಲುಕೀಳನ್ನು ಬರೆದರು. ಒಡೆಯ ಮತ್ತು ಆಳಿನ ನಡುವಿನ ಲೆಕ್ಕವನ್ನು ಓದುವುದನ್ನು ನಾವು ಇಂಥ ಕಾಲದಿಂದ ಕಲಿತೆವು. ಆದರೆ ಸಮಾನರಿಬ್ಬರ ನಡುವೆ ಓಡಾಡುವ ದುಡ್ಡನ್ನು ಓದಲು ಕಲಿಯಲಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ರಾತ್ರಿ ಕೂತು ಕಡಲೆಕಾಯಿ ತಿನ್ನುವ ಭಾಗವನ್ನು ನಾವು ಹಸಿವು ಮತ್ತು ಪ್ರಭುತ್ವದ ಕಥನವಾಗಿ ಓದುತ್ತೇವೆ. ಕುರುಹು ಹುಡುಕಿಕೊಂಡು ಬರುವವರು ಪೊಲೀಸರು. ಹಂಚಿ ತಿಂದವರಿಗೆ ಕುರುಹು ಬೇಕಿಲ್ಲ. ಕೈಗಡವೂ ಹೀಗೆಯೇ, ಕುರುಹು ಬಿಡದೆ ನಡೆಯುವ ಹಂಚಿಕೆ.

2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ಅದೇ ನವೆಂಬರ್‌ನ ನೋಟು ರದ್ದತಿ ಅದನ್ನು ಹಳ್ಳಿಗಳತ್ತ ತಳ್ಳಿತು. ಈಗ ಗೆಳೆಯನ ಹೆಸರು ಒತ್ತಿದರೆ ಕೊಟ್ಟದ್ದು, ಪಡೆದದ್ದು ಎಲ್ಲವೂ ತಾರೀಖು, ಗಂಟೆ, ನಿಮಿಷದ ಸಮೇತ ಕಾಣುತ್ತದೆ. ನೋಡಲು ಅದು ಮಾತುಕತೆಯಂತೆಯೇ ಇದೆ, ಮಾತು ಮಾತ್ರ ಇಲ್ಲ. ಹಳೆಯ ಮನಿಯಾರ್ಡರ್ ಫಾರಂನ ಕೊನೆಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿತ್ತು. ಆ್ಯಪ್‌ನಲ್ಲೂ ಜಾಗವಿದೆ, ನಾವು ಖಾಲಿ ಬಿಡುತ್ತೇವೆ. ಟೀ ದುಡ್ಡು, ಆಸ್ಪತ್ರೆಯ ದುಡ್ಡು, ಮುಯ್ಯಿ, ಕೈಗಡ, ಎಲ್ಲಕ್ಕೂ ಒಂದೇ ಹಸಿರು ಗುರುತು.

ನನ್ನ ಗೆಳೆಯನೊಬ್ಬ ಪಿರಿಯಾಪಟ್ಟಣ ತಾಲ್ಲೂಕಿನವನು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳಂತೆ ಅಲ್ಲಿಯೂ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ಬ್ಯಾರನ್ನಿನಲ್ಲಿ ಹದ ಮಾಡಿದ ಸೊಪ್ಪು ತಂಬಾಕು ಮಂಡಳಿಯ ಹರಾಜಿನಲ್ಲಿ ಹೋದ ಮೇಲೆಯೇ ಕೈಗೆ ದುಡ್ಡು. ಅಲ್ಲಿಯತನಕ ಸೌದೆಗೂ ಕೂಲಿಗೂ ಸಾಲ. ಮೂರು ವರ್ಷದ ಹಿಂದೆ, ಸೌದೆಗೆ ಕಮ್ಮಿ ಬಿದ್ದ 1,800 ರೂಪಾಯಿಯನ್ನು ಅವನು ಫೋನ್ ಮಾಡಿ ಕೇಳಿದ, ಹಾಕಿದೆ. ಆಗಸ್ಟ್‌ನಲ್ಲಿ ನನ್ನ ಫೆಲೋಶಿಪ್ ತಡವಾಯಿತು. ಕೇಳಲು ನಾಚಿಕೆಯಾಗಿ, ಆ್ಯಪ್‌ನಲ್ಲಿ ಹಣ ಕೋರುವ ಬಟನ್ ಒತ್ತಿದೆ. ಎರಡೇ ನಿಮಿಷದಲ್ಲಿ ದುಡ್ಡು ಬಂತು. ರಾತ್ರಿ ಫೋನೂ ಬಂತು: “ಬಾಯ್ ಬುಟ್ಟು ಕೇಳಕ್ಕೇನಾಗಿತ್ಲಾ?”

ಹರಾಜು ಇನ್ನೂ ಶುರುವಾಗಿರಲಿಲ್ಲ. ಆ ದುಡ್ಡನ್ನು ಅವನು ಬೇರೆ ಯಾರ ಬಳಿಯೋ ಬಡ್ಡಿಗೆ ತಂದಿದ್ದ. ಬಾಯಿಬಿಟ್ಟು ಕೇಳಿದ್ದರೆ ಅದು ನನಗೆ ತಿಳಿಯುತ್ತಿತ್ತು. ಕನ್ನಡದಲ್ಲಿ ‘ಕೇಳು’ ಎಂದರೆ ಬೇಡುವುದೂ ಹೌದು, ಕಿವಿಗೊಡುವುದೂ ಹೌದು. ಕೇಳಿದವನು ಎದುರಿನವನ ಕಷ್ಟಕ್ಕೂ ಕಿವಿಯಾಗಬೇಕು. ಕೈಗಡದ ಕಟ್ಟುಪಾಡು ಈ ಒಂದೇ ಪದದಲ್ಲಿದೆ. ಬಟನ್ ಬೇಡಿಕೆಯನ್ನು ಉಳಿಸಿಕೊಂಡು ಕಿವಿಯನ್ನು ಕಿತ್ತುಹಾಕಿತು.

ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ಆ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಕಾರಣ ಗೆಳೆತನವಲ್ಲ, ವಂಚನೆ: ದುಡ್ಡು ಬರುತ್ತದೆಂದು ನಂಬಿ ಪಿನ್ ಒತ್ತಿದವರು ಕಳೆದುಕೊಳ್ಳುತ್ತಿದ್ದರು. ಹಾಗಾಗಿ ಕೇಳುವ ಕೆಲಸ ಮತ್ತೆ ನಮ್ಮ ಬಾಯಿಗೆ ಬಂದಿದೆ. ಆದರೆ ಬರೆದಿಟ್ಟ ಲೆಕ್ಕ ಹಾಗೆಯೇ ಇದೆ. ಅವನಿಗೆ ಏನಾದರೂ ಹಾಕಲು ಹೋದಾಗಲೆಲ್ಲ ಆ ಆಗಸ್ಟ್‌ನ ನನ್ನ ಕೋರಿಕೆ ನನಗೂ ಕಾಣುತ್ತದೆ, ಅವನಿಗೂ ಕಾಣುತ್ತದೆ. ಸಾಲ ತೀರಿದ ಮೇಲೂ ತೀರದೆ ಉಳಿಯುವ ಈ ಬರಹ ನಮ್ಮ ಕಾಲದ ಕತೆಗಾರರಿಗೆ ಹೊಸ ವಸ್ತು. ವಿಮರ್ಶಕರಿಗೂ ಇಲ್ಲಿ ಕೆಲಸವಿದೆ. ಎಷ್ಟು ದುಡ್ಡು ಎಂಬುದನ್ನು ಆ್ಯಪ್ ಹೇಳುತ್ತದೆ. ಎಂಥ ದುಡ್ಡು ಎಂಬುದನ್ನು ನಾವು ಓದಬೇಕು.

ಹೋದ ಕಾರ್ತೀಕದಲ್ಲಿ ನನ್ನ ತಂಗಿಯ ಮದುವೆಯಾಯಿತು. ಹರಾಜಿನ ಕಾಲ, ಅವನಿಗೆ ಬರಲಾಗಲಿಲ್ಲ. ಬೆಳಿಗ್ಗೆ 501 ರೂಪಾಯಿ ಬಂತು. ಸದಾ ಖಾಲಿ ಬಿಡುತ್ತಿದ್ದ ಜಾಗದಲ್ಲಿ ‘ಮುಯ್ಯಿ’ ಎಂದು ಬರೆದಿದ್ದ. ಹಿಂದೆಯೇ ಫೋನ್: “ಓದುಸ್ಬುಡ್ಲಾ.” ನೋಟ್‌ಬುಕ್ ಹಿಡಿದು ಕೂತಿದ್ದ ಚಿಕ್ಕಪ್ಪನ ಪಕ್ಕ ಹೋಗಿ ಅವನ ಹೆಸರು, ಊರು, ಮೊತ್ತ ಬರೆಸಿದೆ.