ಆರತಕ್ಷತೆಯ ಸಂಜೆ ಮತ್ತು ಅತಿಥಿರಂಜನೆ: ಮುಂಬಯಿಯ ರೂಢಿಯೊಂದರ ವಿಮರ್ಶೆ

ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ನೆಲೆಸಿರುವ ಕನ್ನಡ, ತುಳು ಭಾಷಿಕರ ಮದುವೆಗಳಲ್ಲಿ ಆರತಕ್ಷತೆ, ಎಂದರೆ ಮುಹೂರ್ತದ ವಿಧಿಗಳು ಮುಗಿದ ಬಳಿಕ ವಧೂವರರನ್ನು ವೇದಿಕೆಯಲ್ಲಿ ನಿಲ್ಲಿಸಿ ಬಂಧುಮಿತ್ರರು ಹರಸುವ ಸಂಜೆಯ ಕೂಟ, ಮದುವೆಯ ಮುಖ್ಯ ಸಾಮಾಜಿಕ ಘಟನೆಯಾಗಿ ಬೆಳೆದಿದೆ. ಹಗಲಿನಲ್ಲಿ ಕಚೇರಿ, ಹೋಟೆಲು, ಅಂಗಡಿಗಳನ್ನು ಬಿಟ್ಟು ಬರಲಾಗದವರಿಗೆ ಸಂಜೆಯ ಈ ಕೂಟವೇ ಮದುವೆ. 1927ರಲ್ಲಿ ಸ್ಥಾಪನೆಯಾದ ಬಂಟರ ಸಂಘದ ಕುರ್ಲಾದ ಬಂಟರ ಭವನ, 1932ರಲ್ಲಿ ಸ್ಥಾಪನೆಯಾದ ಬಿಲ್ಲವರ ಅಸೋಸಿಯೇಶನ್ನಿನ ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನ ಮೊದಲಾದ ಸಮುದಾಯದ ಸಭಾಗೃಹಗಳಲ್ಲಿ ಇಂಥ ಕೂಟಗಳು ನಡೆಯುತ್ತವೆ. ವಿರಾರ್, ಕಲ್ಯಾಣ್, ಪನ್ವೇಲ್‌ಗಳಂಥ ದೂರದ ಕೊನೆಗಳಲ್ಲಿ ಚದುರಿಹೋದ ಒಂದೇ ಊರಿನ, ಒಂದೇ ಕುಟುಂಬದ ಜನ ವರ್ಷಕ್ಕೆ ಒಂದೆರಡು ಬಾರಿ ಮುಖ ನೋಡುವುದು ಇಲ್ಲಿಯೇ ಆದುದರಿಂದ, ಅತಿಥಿಗಳನ್ನು ರಂಜಿಸಲು ಮಾಡುವ ಏರ್ಪಾಡು ಈ ಭೇಟಿಗೆ ನೆರವಾಗುತ್ತದೆಯೋ ಅಡ್ಡಿಯಾಗುತ್ತದೆಯೋ ಎಂಬುದರಿಂದಲೇ ಅದರ ಗುಣವನ್ನು ಅಳೆಯಬೇಕಾಗುತ್ತದೆ.

ಈ ರಂಜನೆಯ ಅಗತ್ಯ ಹುಟ್ಟುವುದೇ ಕಾಯುವಿಕೆಯಿಂದ. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ ಏಳು ಗಂಟೆಯೆಂದು ಅಚ್ಚಾಗಿದ್ದರೂ ಅಲಂಕಾರ ಮತ್ತು ಛಾಯಾಗ್ರಹಣಗಳ ಕಾರಣದಿಂದ ವಧೂವರರು ವೇದಿಕೆಗೆ ಬರುವುದು ತಡವಾಗುತ್ತದೆ. ಬಂದ ಮೇಲೆ ಹರಸುವವರ ಸಾಲು ಬೆಳೆಯುತ್ತದೆ. ಐನೂರು ಅತಿಥಿಗಳು ನಾಲ್ವರ ಗುಂಪುಗಳಾಗಿ ವೇದಿಕೆ ಏರಿ, ಅಕ್ಷತೆ ಹಾಕಿ, ಉಡುಗೊರೆಯ ಲಕೋಟೆ ಕೊಟ್ಟು, ಫೋಟೋಕ್ಕೆ ನಿಂತು ಇಳಿಯಲು ಗುಂಪಿಗೆ 45 ಸೆಕೆಂಡು ಹಿಡಿದರೂ 125 ಗುಂಪುಗಳಿಗೆ ಒಂದೂವರೆ ಗಂಟೆ ಮೀರುತ್ತದೆ. ವಿಡಿಯೋದವರು ಪ್ರತಿ ಗುಂಪನ್ನೂ ಎರಡೆರಡು ಬಾರಿ ನಿಲ್ಲಿಸಿದರೆ ಈ ಲೆಕ್ಕವೂ ಉಳಿಯುವುದಿಲ್ಲ. ಇಷ್ಟು ಹೊತ್ತು ನಿಂತವರ ಬೇಸರವನ್ನು ಆರ್ಕೆಸ್ಟ್ರಾ, ಡಿಜೆ, ಎಲ್‌ಇಡಿ ಪರದೆಗಳಿಂದ ಮರೆಸಲು ಯತ್ನಿಸುವುದಕ್ಕಿಂತ ಸಾಲನ್ನೇ ಮೊಟಕುಗೊಳಿಸುವುದು ಹೆಚ್ಚಿನ ಸತ್ಕಾರ. ವಧೂವರರು ವೇದಿಕೆ ಇಳಿದು ಊಟದ ಪಂಕ್ತಿಗಳ ನಡುವೆ ಅರ್ಧ ಗಂಟೆ ಓಡಾಡಿದರೆ ಹಿರಿಯರು ಮೆಟ್ಟಿಲು ಹತ್ತುವ ಕಷ್ಟವೂ ತಪ್ಪುತ್ತದೆ, ಎರಡು ಮಾತಿಗೂ ಅವಕಾಶ ಸಿಗುತ್ತದೆ.

ಸಂಗೀತದ ವಿಷಯದಲ್ಲಿ ಆಯ್ಕೆಗಿಂತ ಅಳತೆ ಮುಖ್ಯ. ಸಾಮಾನ್ಯವಾಗಿ ಧ್ವನಿವರ್ಧಕದ ಪೆಟ್ಟಿಗೆಗಳನ್ನು ವೇದಿಕೆಯ ಎರಡೂ ಬದಿಗೆ, ಸಭೆಯತ್ತ ಮುಖಮಾಡಿ ನಿಲ್ಲಿಸುತ್ತಾರೆ. ವೇದಿಕೆಯ ಮುಂದಿನ ಸೋಫಾಗಳನ್ನು ಹಿರಿಯರಿಗೆಂದೇ ಮೀಸಲಿಡುತ್ತಾರೆ. ಹೀಗಾಗಿ ಗೌರವದಿಂದ ಕೂರಿಸಲ್ಪಟ್ಟವರೇ ಅತಿ ಹೆಚ್ಚಿನ ಸದ್ದನ್ನು ತಾಳಿಕೊಳ್ಳಬೇಕಾಗುತ್ತದೆ. ಊರಿನಿಂದ ಬಂದ ಅಜ್ಜಿಯ ಕಿವಿಗೆ ಬಾಯಿ ಹಚ್ಚಿ ಹೆಸರನ್ನು ಎರಡು ಬಾರಿ ಕೂಗಿ ಹೇಳಿ, ಆಕೆ ಸುಮ್ಮನೆ ತಲೆಯಾಡಿಸುವುದನ್ನು ಕಂಡು ಮುಂದೆ ಸಾಗುವ ಮೊಮ್ಮಕ್ಕಳ ದೃಶ್ಯ ಇಂಥ ಕೂಟಗಳಲ್ಲಿ ತೀರ ಸಾಮಾನ್ಯವಾಗಿದೆ. ಇದು ಆತಿಥ್ಯದ ಸೋಲು. ಇದಕ್ಕೆ ಎದುರಾಗಿ, ಕರಾವಳಿಯ ಮದುವೆಗಳಿಂದ ಮುಂಬಯಿಗೂ ಬಂದ ಸ್ಯಾಕ್ಸೋಫೋನ್ ವಾದನ ಒಳ್ಳೆಯ ಮಾದರಿ. ಪಾಶ್ಚಾತ್ಯ ಬ್ಯಾಂಡಿನ ಈ ಊದುವಾದ್ಯವನ್ನು ಕರ್ನಾಟಕ ಸಂಗೀತದ ಗಮಕಗಳಿಗೆ, ಎಂದರೆ ಸ್ವರವನ್ನು ಬಳುಕಿಸಿ ನುಡಿಸುವ ಕ್ರಮಕ್ಕೆ, ಒಗ್ಗಿಸಿದವರು ಬಂಟ್ವಾಳ ಸೀಮೆಯ ಕದ್ರಿ ಗೋಪಾಲನಾಥ್ (1949–2019). 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ ಅವರಿಗೆ 2004ರಲ್ಲಿ ಪದ್ಮಶ್ರೀ ದೊರೆಯಿತು. ಒಂದು ಸ್ಯಾಕ್ಸೋಫೋನ್, ಒಂದು ಕೀಬೋರ್ಡ್, ಜೊತೆಗೆ ತಬಲಾ ಇದ್ದು, ಹಳೆಯ ಚಿತ್ರಗೀತೆಗಳನ್ನು ಸಾಹಿತ್ಯವಿಲ್ಲದೆ ಮೆಲುದನಿಯಲ್ಲಿ ನುಡಿಸಿದಾಗ ಕೇಳಬೇಕೆನ್ನುವವರು ಕೇಳುತ್ತಾರೆ, ಮಾತಾಡಬೇಕೆನ್ನುವವರು ಮಾತಾಡುತ್ತಾರೆ. ಇಬ್ಬರಿಗೂ ಎಡೆಮಾಡಿಕೊಡುವುದೇ ಆರತಕ್ಷತೆಯ ಸಂಗೀತದ ಧರ್ಮ.

ನಿರೂಪಕರು ನಡೆಸುವ ಆಟಗಳು, ಬಂಧುಗಳು ವಾರಗಟ್ಟಲೆ ಕಲಿತು ಕುಣಿಯುವ ಹಿಂದಿ ಹಾಡಿನ ನೃತ್ಯಗಳು ಇನ್ನೊಂದು ಬಗೆಯವು. ನೃತ್ಯಗಳಲ್ಲಿ ಪ್ರೀತಿಯಿದೆ, ದುಡಿಮೆಯಿದೆ; ಎರಡು ಮೂರು ನೃತ್ಯಗಳಾದರೆ ಸಭೆ ಮನಸಾರೆ ಮೆಚ್ಚುತ್ತದೆ. ವಧೂವರರ ಪರಿಚಯವೇ ಇಲ್ಲದ ನಿರೂಪಕರು ಎಲ್ಲ ಮದುವೆಗಳಲ್ಲೂ ಕೇಳುವ ಅವೇ ಪ್ರಶ್ನೆಗಳನ್ನು ಕೇಳಿ, ನಾಚುವವರನ್ನು ಕೈಹಿಡಿದು ಎಳೆತಂದು ಕುಣಿಸುವ ಪದ್ಧತಿಗೆ ಮಾತ್ರ ಸಮರ್ಥನೆಯಿಲ್ಲ.

ಪರಿಚಯದ ಈ ಕೊರತೆಯನ್ನು ತುಂಬುವ ಪರಂಪರೆ ಅತಿಥಿಗಳ ಮನೆಗಳಲ್ಲಿಯೇ ಇದೆ. ಮದುವೆ ಹಲವು ದಿನ ನಡೆಯುತ್ತಿದ್ದ ಕಾಲದಲ್ಲಿ ಉರುಟಣೆ ಎಂಬ ಕಲಾಪವಿತ್ತು. ವಧೂವರರು ಪರಸ್ಪರ ಅರಿಸಿನ ಹಚ್ಚಿ ಆಡುವಾಗ ಎರಡೂ ಕಡೆಯ ಹೆಂಗಸರು ಬೀಗರನ್ನು ಹಾಸ್ಯ ಮಾಡುವ ಹಾಡುಗಳನ್ನು ಸರದಿಯಂತೆ ಹೇಳುತ್ತಿದ್ದರು. ಉತ್ತರ ಕರ್ನಾಟಕದವರಲ್ಲಿ ಒಡಪು ಇಂದಿಗೂ ಜೀವಂತವಾಗಿದೆ: ಸಂಗಾತಿಯ ಹೆಸರನ್ನು ಪ್ರಾಸದ ಸಾಲುಗಳಲ್ಲಿ ಹೆಣೆದು ಹೇಳುವ ಈ ಪದ್ಧತಿಗೆ ನೆರೆಯ ಮರಾಠಿ ಮನೆಗಳ ಉಖಾಣೆ ಹತ್ತಿರದ ನಂಟು, ಹಾಗಾಗಿ ಮುಂಬಯಿಯ ಮಿಶ್ರ ಸಭೆಗೂ ಅದು ಬೇಗ ತಿಳಿಯುತ್ತದೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ, ಎಂದರೆ ತೆಂಗಿನ ಹಾಲು ಹಚ್ಚುವ ವಿಧಿಯಲ್ಲಿ, ವೊವಿಯೊ ಹಾಡುಗಳನ್ನು ಉಳಿಸಿಕೊಂಡಿದ್ದಾರೆ. ಅವರ ಆರತಕ್ಷತೆಯಲ್ಲಿ ವಧೂವರರ ಗುಣಗಳನ್ನು ಬಲ್ಲ ಹಿರಿಯರೊಬ್ಬರು ಟೋಸ್ಟ್, ಎಂದರೆ ಶುಭ ಕೋರುವ ಚಿಕ್ಕ ಭಾಷಣ, ಮಾಡುತ್ತಾರೆ. ಇವೆಲ್ಲದರಲ್ಲೂ ರಂಜಿಸುವವರೂ ರಂಜನೆ ಪಡೆಯುವವರೂ ಒಂದೇ ಬಳಗದವರು. ಬಾಡಿಗೆಯ ಯಾವ ತಂಡವೂ ಈ ಸಲಿಗೆಯನ್ನು ತರಲಾರದು. ಇಡೀ ಉರುಟಣೆಯನ್ನು ಮೂರು ಗಂಟೆಯ ಕೂಟಕ್ಕೆ ತರುವುದು ಸಾಧ್ಯವಿಲ್ಲವಾದರೂ ಎರಡು ಹಾಡು, ನಾಲ್ಕು ಒಡಪುಗಳಿಗೆ ಹತ್ತು ನಿಮಿಷ ಸಾಕು.

ಧ್ವನಿವರ್ಧಕದಲ್ಲಿ ಹಾಡು ಹಾಕುವ ವಿಷಯದಲ್ಲಿ ಕಾನೂನು ಉದಾರವಾಗಿದೆ. ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳಲ್ಲಿ ಹಾಡು ಹಾಕುವುದು 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮಿನಡಿ ಹಕ್ಕುಚ್ಯುತಿಯಲ್ಲವೆಂದು ಕೇಂದ್ರ ಸರಕಾರ 2023ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿದರೂ ಮುಚ್ಚಿದ ಸಭಾಗೃಹದೊಳಗಿನ ಬಳಕೆಗೆ ವಿನಾಯಿತಿ ನೀಡಿವೆ. ಆದುದರಿಂದ ಒಳಗೆ ಕುಳಿತ ಅತಿಥಿಯ ಕಿವಿಯನ್ನು ಕಾಯುವ ಹೊಣೆ ಆತಿಥೇಯರ ಮೇಲೆಯೇ ಬೀಳುತ್ತದೆ. ರಾತ್ರಿಯ ಕೊನೆಯ ಲೋಕಲ್ ಹಿಡಿಯಬೇಕಾದ ಅತಿಥಿಗೆ ಸಿಗುವ ಸಮಯವೇ ಕಡಿಮೆ, ಅದನ್ನು ಸದ್ದಿಗೆ ಒಪ್ಪಿಸುವುದು ತಕ್ಕುದಲ್ಲ. ಸಭಾಗೃಹಗಳು ಸಮುದಾಯದ ಸಂಘಗಳ ಒಡೆತನದಲ್ಲಿರುವುದರಿಂದ ಆ ಸಂಘಗಳ ಪದಾಧಿಕಾರಿಗಳು ಬಾಡಿಗೆಯ ಕರಾರಿನಲ್ಲಿಯೇ ಧ್ವನಿವರ್ಧಕದ ಸ್ಥಾನ ಮತ್ತು ಮಟ್ಟವನ್ನು ಗೊತ್ತುಪಡಿಸಬೇಕು, ಊಟದ ಕೋಣೆಯಲ್ಲಿ ಧ್ವನಿವರ್ಧಕವನ್ನು ಇಡಗೊಡಬಾರದು.