ಕಾರಿನ ಚರಿತ್ರೆಯಲ್ಲಿ ಕಾಣದವರು

ಹಳೆಯ ಕಾರುಗಳ ಬಗ್ಗೆ ಬರೆಯುವವರ ಧಾಟಿ ಒಂದೇ. ಎಂಜಿನ್ ಎಷ್ಟು ಸಿಸಿ, ವೇಗ ಎಷ್ಟು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು! ಇಟಲಿಯ ಫೆರಾರಿ 250 ಜಿಟಿಒ ಕಾರನ್ನೇ ತೆಗೆದುಕೊಳ್ಳಿ. 1962ರಿಂದ 1964ರವರೆಗೆ ತಯಾರಾದದ್ದು ಬರೀ 36. ಅದರಲ್ಲೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವವರನ್ನು ಮೆಚ್ಚಲೇಬೇಕು. ಆದರೆ ಈ ಲೆಕ್ಕಕ್ಕೆ ಬಾರದವರು ಯಾರು ಎಂಬುದು ನನ್ನ ಪ್ರಶ್ನೆ.

1957ರ ಮೇ 12ರಂದು ಇಟಲಿಯಲ್ಲಿ 'ಮಿಲ್ಲೆ ಮಿಲ್ಯಾ', ಅಂದರೆ ಸಾವಿರ ಮೈಲಿಯ ಓಟ ನಡೆದಿತ್ತು. ಊರುಗಳ ನಡುವಿನ ಸಾಮಾನ್ಯ ರಸ್ತೆಯಲ್ಲೇ ಓಟ. ಗ್ವಿದಿಟ್ಸೋಲೊ ಎಂಬ ಊರಿನ ಬಳಿ ಫೆರಾರಿಯೊಂದರ ಟಯರ್ ಒಡೆಯಿತು. ಕಾರಿನಲ್ಲಿದ್ದ ಇಬ್ಬರ ಜೊತೆ, ನೋಡಲು ನಿಂತಿದ್ದ 9 ಜನ ಸತ್ತರು. ಅವರಲ್ಲಿ 5 ಮಂದಿ ಮಕ್ಕಳು. ಎಷ್ಟೋ ಬರಹಗಳಲ್ಲಿ ಓಡಿಸಿದವನ ವಂಶ, ಪ್ರೇಮ, ಧೈರ್ಯಕ್ಕೆ ಪುಟಗಟ್ಟಲೆ ಜಾಗ. ಮಕ್ಕಳಿಗೆ ಒಂದೇ ಸಾಲು. ದಿನಾ ಹಾಜರಿ ಕರೆಯುವ ನನ್ನಂಥವಳಿಗೆ ಆ ಸಾಲು ದಾಟಿ ಮುಂದೆ ಓದಲಾಗುವುದಿಲ್ಲ. 2023ರಲ್ಲಿ ಮೈಕೆಲ್ ಮ್ಯಾನ್ ಮಾಡಿದ 'ಫೆರಾರಿ' ಚಿತ್ರ ಆ ಸಾವುಗಳಿಂದ ಮುಖ ತಿರುಗಿಸಲಿಲ್ಲ. ಕಂಪನಿಯ ಹಣಕಾಸು ನೋಡುತ್ತಿದ್ದ ಹೆಂಡತಿ ಲಾರಾಳನ್ನೂ ಮರೆಯಲಿಲ್ಲ. ಅಷ್ಟರ ಮಟ್ಟಿಗೆ ಅದು ಪುಸ್ತಕಗಳಿಗಿಂತ ಮೇಲು.

ಇಟಲಿಯ ಮಾತು ನಮಗೇಕೆ ಎನ್ನಬೇಡಿ. ನಮ್ಮ ವಿಜಯಪುರದ ಸೊಲ್ಲಾಪುರ ರಸ್ತೆ ಹೋಗಿ ಮುಟ್ಟುವ ಊರಿನಲ್ಲೇ 1882ರಲ್ಲಿ ವಾಲಚಂದ ಹಿರಾಚಂದರು ಹುಟ್ಟಿದ್ದು. 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರಕಾರದ ಜೊತೆಗೂಡಿ ವಿಮಾನ ಕಾರ್ಖಾನೆ ಕಟ್ಟಿದವರೂ ಅವರೇ, 1944ರಲ್ಲಿ ಮುಂಬಯಿಯ ಪ್ರೀಮಿಯರ್ ಕಂಪನಿ ಸ್ಥಾಪಿಸಿದವರೂ ಅವರೇ. ಇಟಲಿಯ ಫಿಯಟ್ ನಮ್ಮ ರಸ್ತೆಗಿಳಿದದ್ದು ಆ ಕಂಪನಿಯಿಂದ. ಕೊನೆಯ ಜಿಟಿಒ ತಯಾರಾದ 1964ರಲ್ಲೇ ನಮ್ಮಲ್ಲಿ ಫಿಯಟ್ 1100 ಡಿಲೈಟ್ ಬಂತು. 1089 ಸಿಸಿಯ ಪುಟ್ಟ ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ಅದು ಓಟದ ಕುದುರೆಯಲ್ಲ, ಸಂಸಾರದ ಎತ್ತು. ಬಾಣಂತಿಯನ್ನು, ಮದುಮಗಳನ್ನು, ಅಜ್ಜಿಯನ್ನು ಹೊತ್ತು ತಿರುಗಿದ್ದು ಅದೇ.

1974ರಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟರು. ಚಿತ್ತೋಡದ ರಾಣಿಯ ಹೆಸರು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿದಾಗ ಎಷ್ಟೊಂದು ಬೀಳ್ಕೊಡುಗೆ ಲೇಖನಗಳು ಬಂದವು! ಅವುಗಳಲ್ಲಿ ಡ್ರೈವರನ ನೆನಪಿತ್ತು, ಮಾಲೀಕನ ಹೆಮ್ಮೆಯಿತ್ತು. ನಾನು ಓದಿದವುಗಳಲ್ಲಿ ಹಿಂದಿನ ಸೀಟಿನಲ್ಲಿ ಕೂತವಳ ಮಾತು ಮಾತ್ರ ಇರಲಿಲ್ಲ. ಗಾಡಿಗೆ ಹೆಣ್ಣಿನ ಹೆಸರು ಕೊಟ್ಟೆವು, ಹೆಣ್ಣಿಗೆ ಸ್ಟಿಯರಿಂಗ್ ಕೊಟ್ಟೆವೇ? ಆಗಿನ ನಮ್ಮ ಮನೆಗಳಲ್ಲಿ ಕೀಲಿ ಗಂಡಸರ ಕಿಸೆಯಲ್ಲೇ ಇತ್ತು. ಬೆಂಕಿಗೆ ಬಿದ್ದಳೆಂದು ಕಥೆಯಾದ ರಾಣಿಯನ್ನು ಹೊಗಳುವುದು ಸುಲಭ. ತವರಿಗೆ ತಾನೇ ಗಾಡಿ ಹೊಡೆದುಕೊಂಡು ಹೋಗುತ್ತೇನೆ ಎನ್ನುವವಳನ್ನು ಒಪ್ಪುವುದು ಕಷ್ಟ.

ಅಪರೂಪ ಎಂದರೇನು? 36 ಮಾತ್ರ ಇರುವುದು ಅಪರೂಪವೆಂದು ಹರಾಜಿನವರು ಹೇಳಲಿ. ಒಳಗೆ ಯಾರು ಕೂತಿದ್ದರು, ರಸ್ತೆಯ ಬದಿಗೆ ಯಾರು ನಿಂತಿದ್ದರು ಎಂದು ಕೇಳುವ ಚರಿತ್ರೆ ಅದಕ್ಕಿಂತ ಅಪರೂಪ. ಅಕ್ಕತಂಗಿಯರೇ, ಅದನ್ನು ಅವರು ಬರೆಯಲಿ ಎಂದು ಕಾಯುವುದು ಬೇಡ. ಹಿಂದಿನ ಸೀಟಿನಿಂದ ಕಂಡದ್ದು ನಮಗೆ ಗೊತ್ತಿದೆಯಲ್ಲ, ನಾವೇ ಬರೆಯೋಣ.