ವೀರಕಥೆಯ ಸಂಪುಟರೂಪ: ಅಮೃತಾಪುರದ ಶಿಲಾಫಲಕಗಳೂ ಥಾರ್ ಚಿತ್ರಕಥೆಗಳೂ

ಬಿಡಿಬಿಡಿಯಾಗಿ ಹೊರಬಂದ ಕಥೆಗಳನ್ನು ಒಂದೆಡೆ ಕೂಡಿಸಿ ರಟ್ಟು ಕಟ್ಟಿದ ಮಾತ್ರಕ್ಕೆ ಅವು ಪ್ರಬಂಧವೆನಿಸುವುವೇ? ಒಂದು ಮುಕ್ತಕದಲ್ಲಿಯೂ ರಸವು ಪೂರ್ಣವಾಗಿ ನೆಲೆಗೊಳ್ಳಬಹುದೆಂಬುದನ್ನು ಆನಂದವರ್ಧನನು ಅಮರುಕನ ಪದ್ಯಗಳನ್ನು ನಿದರ್ಶನವಾಗಿತ್ತು ಒಪ್ಪಿದ್ದಾನೆ. ಪ್ರಬಂಧಕ್ಕಾದರೋ ಆತನು ವಿಧಿಸುವ ನಿಯಮ ಬೇರೆ. ಅಲ್ಲಿ ಕಥೆಯ ಅಂಗಗಳೆಲ್ಲವೂ ಒಂದು ಅಂಗಿರಸಕ್ಕೆ ಅಧೀನವಾಗಿರತಕ್ಕದ್ದು. ಪ್ರಸಿದ್ಧ ಕಥೆಯಲ್ಲಿ ರಸವಿರೋಧಿಯಾದುದನ್ನು ಬಿಟ್ಟು ಉಚಿತವಾದುದನ್ನು ಕಲ್ಪಿಸುವ ಅಧಿಕಾರವೂ ಕವಿಗುಂಟು. ನಾರ್ಸ್ ಪುರಾಣಗಳ ಗುಡುಗಿನ ದೇವತೆಯಾದ ಥಾರನನ್ನು ನಾಯಕನನ್ನಾಗಿ ಮಾಡಿಕೊಂಡ ಅಮೆರಿಕದ ಚಿತ್ರಕಥೆಗಳು ಇಂದು ದಪ್ಪ ಸಂಪುಟಗಳಾಗಿ ವಿದ್ಯಾರ್ಥಿಗಳ ಕೈಗೆ ಬಂದಿವೆ. ಅವನ್ನು ಅಳೆಯುವುದಕ್ಕೂ ಈ ನಿಯಮವೇ ಸಾಕಾಗುವುದು.

ಚಿತ್ರಗಳ ಸಾಲಿನಿಂದ ಕಥೆ ಹೇಳುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣದ ಗೋಡೆಯ 70 ಫಲಕಗಳು ರಾಮಾಯಣಕ್ಕೆ ಮೀಸಲು. ಉತ್ತರದ ಗೋಡೆಯಲ್ಲಿ 25 ಫಲಕಗಳು ಕೃಷ್ಣಚರಿತೆಯವು, 45 ಮಹಾಭಾರತದವು. ಉತ್ತರದ ಕಥೆಗಳು ಹೊಯ್ಸಳ ಶಿಲ್ಪದ ರೂಢಿಯಂತೆ ಪ್ರದಕ್ಷಿಣಕ್ರಮದಲ್ಲಿ ಸಾಗುತ್ತವೆ. ರಾಮಾಯಣವು ಅಪೂರ್ವವಾಗಿ ಅಪ್ರದಕ್ಷಿಣಕ್ರಮದಲ್ಲಿ ಸಾಗುತ್ತದೆ. ದಿಕ್ಕುಗಳನ್ನು ಲೆಕ್ಕಹಾಕಿದರೆ ಎರಡು ಗೋಡೆಗಳ ಕಥೆಗಳೂ ಪಶ್ಚಿಮದಿಂದ ಪೂರ್ವಕ್ಕೇ ನಡೆಯುವುದು ಸ್ಪಷ್ಟವಾಗುವುದು. ನೋಡುವವನ ಕಣ್ಣಿಗೆ ರಾಮಾಯಣವು ಎಡದಿಂದ ಬಲಕ್ಕೆ, ಭಾರತವು ಬಲದಿಂದ ಎಡಕ್ಕೆ. ರೂಢಿಯಂತೆ ಬಲಗೊಂಡು ಬರುವವನಿಗೆ ರಾಮಾಯಣದ ಕೊನೆಯೇ ಮೊದಲು ಎದುರಾಗುವುದು. ಕಥೆಯನ್ನು ಬೇಕೆನ್ನುವವನು ತನ್ನ ನಡಿಗೆಯನ್ನು ತಿರುಗಿಸಿಕೊಳ್ಳಬೇಕು. ಸಂಕಲನವೆಂದರೆ ಬರಿಯ ಸಂಗ್ರಹವಲ್ಲ, ಓದುಗನ ಗತಿಯನ್ನು ನಿಯಮಿಸುವ ಅನ್ವಯವೆಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ಬೇಡ.

ಈ ದೇಗುಲವೆದ್ದ ಒಂದು ತಲೆಮಾರಿನೊಳಗೆ, ಸುಮಾರು 1220ರಲ್ಲಿ, ಐಸ್‌ಲೆಂಡಿನ ಪಂಡಿತ ಸ್ನೋರಿ ಸ್ಟರ್ಲುಸನ್ನನು ತನ್ನ ಜನರ ಪುರಾತನ ದೇವತಾಕಥೆಗಳನ್ನು ಗದ್ಯ 'ಎಡ್ಡಾ'ದಲ್ಲಿ ಒಟ್ಟುಗೂಡಿಸಿದನು. ಅದರ ವಸ್ತುವನ್ನು ಸ್ಟ್ಯಾನ್ ಲೀ, ಲ್ಯಾರಿ ಲೀಬರ್ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಎಂಬವರು 1962ರಲ್ಲಿ 'ಜರ್ನಿ ಇಂಟು ಮಿಸ್ಟರಿ' ಪತ್ರಿಕೆಯ 83ನೆಯ ಸಂಚಿಕೆಯಿಂದ ಚಿತ್ರಕಥೆಯಾಗಿಸಿದರು. ಪುರಾಣದ ಕೆಂಗಡ್ಡದ ಥಾರನು ಇಲ್ಲಿ ಹೊಂಗೂದಲಿನ ತರುಣ. ಓಡಿನ್ನನ ರಕ್ತಬಾಂಧವನಾಗಿದ್ದ ಲೋಕಿಯು ಇಲ್ಲಿ ಥಾರನ ಸಾಕುಸೋದರ. ಇಂತಹ ಮಾರ್ಪಾಡುಗಳನ್ನು ದೋಷವೆನ್ನಲಾಗದು. ಲೋಕಿಯ ವೈರವು ಸೋದರಮತ್ಸರವಾದುದರಿಂದ ಕಥೆಗೆ ಬಲವೇ ಬಂದಿದೆ.

ದೋಷವಿರುವುದು ಬೇರೆ ಕಡೆ. ಮೊದಲ ಕಥೆಯಲ್ಲಿ ಕುಂಟನಾದ ವೈದ್ಯ ಡೊನಾಲ್ಡ್ ಬ್ಲೇಕನು ನಾರ್ವೆಯ ಗುಹೆಯೊಂದರಲ್ಲಿ ದೊರೆತ ಕೋಲನ್ನು ಬಂಡೆಗೆ ಬಡಿದು ಥಾರನಾಗುತ್ತಾನೆ. ಶನಿಗ್ರಹದಿಂದ ಬಂದ ಶಿಲಾಮಾನವರನ್ನು ಓಡಿಸುತ್ತಾನೆ. ಗರ್ವಿಷ್ಠನಾದ ಮಗನಿಗೆ ವಿನಯವನ್ನು ಕಲಿಸಲೆಂದು ಓಡಿನ್ನನೇ ಅವನನ್ನು ಬ್ಲೇಕನನ್ನಾಗಿ ಮಾಡಿದ್ದನೆಂಬ ರಹಸ್ಯವು ಹೊರಬೀಳುವುದು 1968ರ 159ನೆಯ ಸಂಚಿಕೆಯಲ್ಲಿ. ನಾಟ್ಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಮುಖಸಂಧಿಯಲ್ಲಿ ಬಿತ್ತಬೇಕಾಗಿದ್ದ ಬೀಜವನ್ನು ಆರು ವರ್ಷಗಳ ತರುವಾಯ ಬಿತ್ತಲಾಗಿದೆ. ತಿಂಗಳಿಗೊಂದರಂತೆ ಓದಿದವನಿಗೆ ಇದು ಸುಂದರವಾದ ವಿಸ್ಮಯ; 'ಮಾರ್ವೆಲ್ ಮಾಸ್ಟರ್‌ವರ್ಕ್ಸ್' ಮಾಲೆಯ ಸಂಪುಟಗಳಲ್ಲಿ ಒಂದೇ ಸಮನೆ ಓದುವವನಿಗೆ ಹೊಲಿಗೆ ಕಾಣುವುದು. 1963ರಿಂದ ಅದೇ ಪತ್ರಿಕೆಯ ಹಿಂಬದಿಯಲ್ಲಿ ಐದೈದು ಪುಟಗಳಂತೆ ಬಂದ 'ಟೇಲ್ಸ್ ಆಫ್ ಆಸ್‌ಗಾರ್ಡ್' ಕಥೆಗಳ ಪಾಡು ಇದಕ್ಕೆ ವಿಪರೀತ. ಮುಖ್ಯಕಥೆಯ ನಡುನಡುವೆ ಚದುರಿದ್ದಾಗ ಅವು ಬಾಲಂಗೋಚಿಯಂತೆ ತೋರುತ್ತಿದ್ದುವು. ಬೇರೆಯಾಗಿ ಕೂಡಿಸಿದಾಗ ಶನಿಗ್ರಹದವರಿಲ್ಲದ ಶುದ್ಧ ದೇವಲೋಕದ ಖಂಡಕಾವ್ಯವಾಗುತ್ತವೆ. ಒಂದೇ ಪತ್ರಿಕೆಯ ಎರಡು ಕಥೆಗಳಲ್ಲಿ ಸಂಪುಟವು ಒಂದನ್ನು ಇಳಿಸಿತು, ಒಂದನ್ನು ಏರಿಸಿತು.

ಅದಕ್ಕೂ ಮಿಗಿಲಾದ ಪರೀಕ್ಷೆಯೆಂದರೆ ನಾಯಕನ ಮರಣ. 'ಎಡ್ಡಾ'ದ ಪ್ರಕಾರ ಪ್ರಳಯಕಾಲದಲ್ಲಿ ಥಾರನು ಭೂಮಿಯನ್ನು ಸುತ್ತಿಕೊಂಡ ಮಹಾಸರ್ಪವನ್ನು ಕೊಂದು, ಒಂಬತ್ತು ಹೆಜ್ಜೆ ನಡೆದು, ಅದರ ವಿಷದಿಂದ ಬಿದ್ದು ಸಾಯುತ್ತಾನೆ. ಆ ಪುರಾಣದ ಗಾಂಭೀರ್ಯವೆಲ್ಲ ಈ ಒಂಬತ್ತು ಹೆಜ್ಜೆಗಳಲ್ಲಿದೆ. ಮುಂದಿನ ತಿಂಗಳೂ ಮಾರಾಟವಾಗಬೇಕಾದ ಪತ್ರಿಕೆಯ ನಾಯಕನಾದರೋ ಸಾಯುವಂತಿಲ್ಲ. ಸಾವಿಲ್ಲದವನ ಸಾಹಸದಲ್ಲಿ ಉತ್ಸಾಹವು ಸ್ಥಾಯಿಯಾಗಿ ನಿಲ್ಲುವುದಾದರೂ ಹೇಗೆ?

ಸತ್ತ ವೀರನನ್ನು ಎಬ್ಬಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಅರ್ಜುನನು ತನ್ನ ಮಗನಾದ ಬಭ್ರುವಾಹನನಿಂದ ಹತನಾಗಿ, ನಾಗಲೋಕದ ಮಣಿಯಿಂದಲೂ ಕೃಷ್ಣನ ಸನ್ನಿಧಿಯಿಂದಲೂ ಮತ್ತೆ ಏಳುತ್ತಾನೆ. ಆದರೆ ಆ ಮರಣಕ್ಕೆ ಭೀಷ್ಮವಧೆಯ ಋಣವೂ ಗಂಗೆಯ ಶಾಪವೂ ಕಾರಣಗಳಾಗಿವೆ. ಋಣ ತೀರಿದ ಮೇಲೆ ಬಂದ ಪುನರ್ಜೀವನವು ಕಾವ್ಯದ ಅಂಗಿಯಾದ ಕೃಷ್ಣಮಹಿಮೆಗೆ ಪೋಷಕವಾಗುವುದು. ಕಾರಣವಿರುವಲ್ಲಿ ಪುನರ್ಜೀವನವು ಅದ್ಭುತ. ಇಲ್ಲದಲ್ಲಿ ಬರಿಯ ಅನುಕೂಲ.

ಈ ಒರೆಗಲ್ಲಿನಲ್ಲಿ ನಿಲ್ಲುವ ಭಾಗವೂ ಥಾರ್ ಸಂಪುಟಗಳಲ್ಲಿ ಉಂಟು. ವಾಲ್ಟರ್ ಸೈಮನ್‌ಸನ್ನನು 1983ರಿಂದ 1987ರವರೆಗೆ ರಚಿಸಿದ ಕಥಾಭಾಗವು 2011ರಲ್ಲಿ ಹೊಸ ವರ್ಣಲೇಪನದೊಡನೆ ಒಂದೇ ಬೃಹತ್ಸಂಪುಟವಾಗಿ ಬಂದಿತು. ಅದರಲ್ಲಿ ಮೃತ್ಯುದೇವತೆಯಾದ ಹೆಲಾ ಥಾರನಿಗೆ ಕೊಡುವ ಶಾಪವೇನೆಂದರೆ, ಅವನ ಎಲುಬುಗಳು ಮುರಿಯಬೇಕು, ಮುರಿದುವು ಕೂಡಬಾರದು, ಆದರೂ ಅವನು ಸಾಯಬಾರದು. ಮಾರಾಟದ ಕಟ್ಟಳೆಯಿಂದ ಬಂದ ಅಮರತ್ವವನ್ನೇ ಕವಿಯು ಶಾಪವನ್ನಾಗಿ ಮಾರ್ಪಡಿಸಿದ್ದಾನೆ. 380ನೆಯ ಸಂಚಿಕೆಯ ಸರ್ಪಯುದ್ಧದಲ್ಲಿ ಪುಟಕ್ಕೊಂದೇ ಚಿತ್ರ. ಸಣ್ಣ ಚೌಕಗಳಿಗೆ ಒಗ್ಗಿದ ಕಣ್ಣು ಅಲ್ಲಿ ಅಮೃತಾಪುರದ ದೊಡ್ಡ ಫಲಕಗಳ ಮುಂದೆ ನಿಂತಂತೆ ಪುಟಪುಟಕ್ಕೂ ನಿಲ್ಲುವುದು. ಸರ್ಪವು ಸಾಯುತ್ತದೆ, ಥಾರನ ದೇಹವು ನುಚ್ಚುನೂರಾಗುತ್ತದೆ, ಪ್ರಾಣ ಮಾತ್ರ ಬಿಡದು. ಮುಂದೆ ಅವನು ಹೆಲಾಳನ್ನೇ ಮಣಿಸಿ ದೇಹವನ್ನು ಮರಳಿ ಪಡೆಯುವುದು ಲಕ್ಷ್ಮೀಶನ ನಿರ್ವಹಣೆಯಷ್ಟು ಗಂಭೀರವಲ್ಲದಿದ್ದರೂ, ಬೀಜಕ್ಕೆ ತಕ್ಕ ಫಲವಾಗಿದೆ. ಈ ಸಂಪುಟಕ್ಕೆ ಪ್ರಬಂಧವೆಂಬ ಹೆಸರು ಸಲ್ಲುವುದು.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ 'ಅಮರ ಚಿತ್ರ ಕಥಾ' ಮಾಲೆಯ ಮಹಾಭಾರತವೂ 42 ಸಂಚಿಕೆಗಳಾಗಿ ಬಂದು ಆಮೇಲೆ ಸಂಪುಟಗಳಾಯಿತು. ಅದರ ಕೊನೆಯು ವ್ಯಾಸನಿಂದಲೇ ನಿಶ್ಚಿತವಾಗಿದ್ದುದರಿಂದ ಮುಂದಿನ ತಿಂಗಳ ಭಯ ಅದಕ್ಕಿರಲಿಲ್ಲ. ಥಾರನ ಕಥೆಗಾರರಿಗೆ ಆ ಭಾಗ್ಯವಿರಲಿಲ್ಲವೆಂಬುದನ್ನು ನೆನೆದು ಅವರ ಗುಣದೋಷಗಳನ್ನು ತೂಗುವುದು ನ್ಯಾಯ.

ಕಡೂರು, ತರೀಕೆರೆ, ಅಜ್ಜಂಪುರಗಳ ಉಪಾಧ್ಯಾಯರು ಈ ಸಂಪುಟಗಳನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳಬೇಕಾಗಿಲ್ಲ. ಅವನ್ನು ಓದಿದ ವಿದ್ಯಾರ್ಥಿಯನ್ನು ಅಮೃತಾಪುರದ ದಕ್ಷಿಣದ ಗೋಡೆಯೆದುರು ನಿಲ್ಲಿಸಿ, ಕಥೆಯು ಎಲ್ಲಿ ಮೊದಲಾಗುವುದೆಂದು ಕೇಳಿದರೆ ಸಾಕು. ಚಿತ್ರಗಳ ಸಾಲಿನಲ್ಲಿ ಕ್ರಮವನ್ನು ಹುಡುಕಲು ಕಲಿತ ಕಣ್ಣು ತನ್ನೂರಿನ ಕಲ್ಲನ್ನೂ ಓದಬಲ್ಲದು.